ಹಣಮವ್ವನ ಸೋಮವಾರ, ಪೀರಬಿಯ ಬೇಸ್ತವಾರ

ಕರಜಗಿ ಸೀಮೆಯಲ್ಲಿ ಭೀಮಾ ಹೊಳೆಯ ನಟ್ಟನಡುವೆ ಒಂದು ಕಲ್ಲುಗುಡ್ಡ. ಸುತ್ತ ನೀರು, ಗುಡ್ಡದ ಹೊಟ್ಟೆಯಲ್ಲಿ ಮೂರು ಗವಿ. ಎರಡರಲ್ಲಿ ಬಾವಲಿಗಳ ಸಂಸಾರ, ಮೂರನೆಯದು ಗವಿಯಜ್ಜನದು. ಅಜ್ಜ ಅಲ್ಲಿ ಹನ್ನೆರಡು ವರ್ಷ ಕೂತಿದ್ದನಂತೆ, ಎಂಥ ಹೊಳೆ ಬಂದರೂ ನೀರು ಹೊಸ್ತಿಲ ತನಕ ಬಂದು ತಿರುಗಿ ಹೋಗುತ್ತಿತ್ತಂತೆ. ಅವನ ಜಾತಿ ಯಾರಿಗೂ ತಿಳಿಯದು. ಕೂತ ಕಲ್ಲು ಮಾತ್ರ ಉಳಿದಿತ್ತು. ಹಾಗಾಗಿ ಸೋಮವಾರ ನೆಲ ಸಾರಿಸಿ ದೀಪ ಹಚ್ಚುವ ಪಾಳಿ ಹಣಮವ್ವನ ಮನೆತನಕ್ಕೆ, ಬೇಸ್ತವಾರ ಕಸ ಹೊಡೆದು ಲೋಬಾನ ಹಾಕುವ ಪಾಳಿ ಪೀರಬಿಯ ಮನೆತನಕ್ಕೆ.

ಹಣಮವ್ವನಿಗೆ ಇದೇ ಸಹಿಸದು. ಗವಿಯೆಂದರೆ ಹಣಮವ್ವ ಎಂದು ಜನ ಅನ್ನಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಹಾಲು ಚೆಲ್ಲಿದರೆ ಬಳಿದುಕೊಂಡು ಕುಡಿಯಬೇಕು, ಹಾಗೆ ಸಾರಿಸುವವಳು ಅವಳು. ಆದರೆ ಅಳುವ ಕೂಸುಗಳನ್ನು ಎತ್ತಿಕೊಂಡು ಹೆಂಗಸರು ಹರಗೋಲು ಹತ್ತುತ್ತಿದ್ದುದು ಬೇಸ್ತವಾರ. ಪೀರಬಿ ಲೋಬಾನದ ಬೂದಿಯನ್ನು ಹಣೆಗೆ ಹಚ್ಚಿ ಏನೋ ಪಿಸುಗುಟ್ಟಿದರೆ ಕೂಸು ನಿದ್ದೆ ಹೋಗುತ್ತಿತ್ತು.

"ಹೊಗಿಗೆ ಕಣ್ಣ ಮುಚ್ಚತಾವ. ಅದಕ್ಕ ಇವರು ನಿದ್ದಿ ಅಂತಾರ," ಎಂದು ಹಣಮವ್ವ ಹರಗೋಲಿನ ಸೈದಪ್ಪನ ಮುಂದೆ ಅನ್ನುತ್ತಿದ್ದಳು.

"ಹೋದ ವಾರ ನಿನ್ನ ಮೊಮ್ಮಗಳನ್ನ ಯಾರು ಹೊತ್ಕೊಂಡು ಬಂದಿದ್ರು ಬೇ?"

ಸೊಸೆ ಅತ್ತೆಗೆ ತಿಳಿಯದಂತೆ ಕದ್ದು ಹೋಗಿದ್ದಳು. ಆ ಸಂಜೆ ಹಣಮವ್ವ ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿತು.

ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರ ಅಂಜಿಕೆಗೆ ಹಣಮವ್ವನ ಮನೆಯವರು ಹೊಳೆಯಾಚೆ, ಮುಂಬೈ ಪ್ರಾಂತದ ಸರಹದ್ದಿನ ಊರಿನಲ್ಲಿ ಎರಡು ತಿಂಗಳು ಇದ್ದು ಬಂದರು. ತಾನಿಲ್ಲದೆ ಗವಿ ಹಾಳುಬಿದ್ದಿರುತ್ತದೆಂದು ಅವಳು ಒಳಗೊಳಗೇ ಹಿಗ್ಗಿದ್ದಳು. ನೋಡಿದರೆ ನೆಲಕ್ಕೆ ಸಾರಣೆ ಬಿದ್ದಿತ್ತು! ಬೆರಳ ಗೆರೆಗಳೆಲ್ಲ ಸೊಟ್ಟ, ಅಲ್ಲಲ್ಲಿ ಸೆಗಣಿಯ ಗಡ್ಡೆ.

"ನೀ ಇಲ್ದಾಗ ಪೀರಬಿ ಸೋಮವಾರನೂ ಬರ್ತಿದ್ಳು. ಪಾಪ, ಒಬ್ಬಾಕಿ ಎಷ್ಟ ಮಾಡ್ತಾಳ," ಎಂದ ಸೈದಪ್ಪ.

ಆ 'ಪಾಪ' ಹಣಮವ್ವನ ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಅವತ್ತೇ ನೆಲ ಕೆತ್ತಿ ಹೊಸದಾಗಿ ಸಾರಿಸಿದಳು.

ಮಳೆಗಾಲದ ಕೊನೆಗೆ ಹಿಂದುಸ್ತಾನದ ಫೌಜು ಬಂತು, ನಿಜಾಮನ ಆಳಿಕೆ ಮುಗಿಯಿತು. ಅಂಜಿಕೆ ಈಗ ಓಣಿ ಬದಲಿಸಿ ಮುಸಲ್ಮಾನರ ಮನೆ ಹೊಕ್ಕಿತು. ಪೀರಬಿ ಬಾಗಿಲಿಗೆ ಅಗಳಿ ಹಾಕಿ ಒಳಗೇ ಉಳಿದಳು. ಹಣಮವ್ವ ಎರಡೂ ಪಾಳಿ ಹಿಡಿದಳು. ಲೋಬಾನವನ್ನೂ ಹಾಕಿದಳು, ಬೂದಿಯನ್ನೂ ಹಚ್ಚಿದಳು. ಕೂಸುಗಳು ಇನ್ನಷ್ಟು ಅತ್ತವು.

"ಪೀರಬಿ ಕೈಗುಣಾನೇ ಬ್ಯಾರೆ ಬಿಡ್ರಿ," ಅಂದಳು ಒಬ್ಬಳು.

"ಅಂಥಾಕಿ ಇನ್ನೆಲ್ಲಿ ಸಿಗ್ತಾಳ್ರಿ?" ಅಂದಳು ಮತ್ತೊಬ್ಬಳು.

ಅವಳು ಬರುತ್ತಿದ್ದಾಗ, ಹಾಕುವುದು ಸೋವಿ ಲೋಬಾನ ಎಂದು ಮೂಗು ಮುರಿದವರೇ ಇವರು! ಮನೆಯಲ್ಲಿ ಕೂತೇ ಪೀರಬಿ ದಿನದಿನಕ್ಕೆ ದೊಡ್ಡವಳಾಗುತ್ತಿದ್ದಳು. ಇನ್ನೊಂದು ತಿಂಗಳು ಬಿಟ್ಟರೆ ಅಜ್ಜನ ಪಕ್ಕದಲ್ಲಿ ಇವಳಿಗೂ ಒಂದು ಕಲ್ಲು ನಿಲ್ಲಿಸುತ್ತಾರೆ ಎನ್ನಿಸಿತು ಹಣಮವ್ವನಿಗೆ. ಮುಂದಿನ ಬೇಸ್ತವಾರ ಬೆಳಿಗ್ಗೆ ಹೋಗಿ ಅವಳ ಬಾಗಿಲು ಬಡಿದಳು.

"ತೆಗಿ ಬೇ, ನಾನು. ಇವತ್ತ ನಿನ್ನ ಪಾಳಿ."

"ಅಂಜಿಕಿ ಆಗ್ತದ ಅಕ್ಕಾ," ಎಂದಳು ಒಳಗಿನಿಂದ ಪೀರಬಿ.

"ನನ್ನ ಹಿಂದ ನಡಿ. ನನ್ನ ದಾಟಿ ಯಾವಾಂವ ಬರ್ತಾನ ನೋಡ್ತೇನಿ."

ಅಗಳಿ ಸರಿಯಿತು. "ನನ್ನ ಮ್ಯಾಲ ಇಷ್ಟ ಮಾಯಾ ಯಾವಾಗಿಂದ ಅಕ್ಕಾ?"

"ಮಾಯಾನೂ ಇಲ್ಲ, ಮಣ್ಣೂ ಇಲ್ಲ. ನೀ ಮನ್ಯಾಗ ಕುಂತ್ರ ಊರ ತುಂಬ ನಿಂದೇ ಹೆಸರ. ಬಂದು ಎದುರಿಗೆ ಕುಂದ್ರು. ನಿನ್ನ ಕೆಲಸ ಎಂಥಾದ್ದಂತ ಮಂದಿ ಕಣ್ಣಾರ ನೋಡ್ಲಿ."

ಇಬ್ಬರೂ ಒಟ್ಟಿಗೆ ಬಂದದ್ದು ಕಂಡು ಸೈದಪ್ಪ ಹುಟ್ಟು ಹಾಕುವುದನ್ನೇ ಮರೆತ. ಗವಿಯಲ್ಲಿ ಲೋಬಾನದ ಹೊಗೆ ಎದ್ದಿತು. ಒಬ್ಬ ಹಸಿ ಬಾಣಂತಿ ಹಣಮವ್ವನನ್ನು ದಾಟಿಕೊಂಡು ಹೋಗಿ ಪೀರಬಿಯ ಮಡಿಲಿಗೆ ಕೂಸು ಹಾಕಿದಳು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೂಸಿಗೆ ನಿದ್ದೆ. ಹಣಮವ್ವ ಗವಿಯ ಮೂಲೆಮೂಲೆಗೂ ಕಣ್ಣಾಡಿಸಿದಳು.

"ಆ ಮೂಲ್ಯಾಗ ಕಸ ಹಂಗೇ ಅದ ನೋಡು ಬೇ," ಎಂದಳು ಎಲ್ಲರಿಗೂ ಕೇಳುವಂತೆ.

"ಹೌದಲ್ಲಕ್ಕಾ!" ಎಂದು ಪೀರಬಿ ಕೂಸನ್ನು ಅವಳ ಮಡಿಲಿಗಿಟ್ಟು ಕಸಬರಿಗೆ ತರಲು ಎದ್ದಳು. ಕೂಸು ಕಣ್ಣು ಬಿಟ್ಟು, ಹಣಮವ್ವನ ಮುಖ ನೋಡಿ, ಗವಿ ಬಿರಿಯುವಂತೆ ಚೀರಿತು.

"ನೋಡ್ರಿ, ನೋಡ್ರಿ!" ಹಣಮವ್ವ ಕೂಸಿಗಿಂತ ಜೋರಾಗಿ ಕೂಗಿದಳು. "ಎಬ್ಬಿಸೇ ಕೊಟ್ಟಾಳ ನನಗ!"