ಅಪ್ಪನ ಸೋಮವಾರದ ತಲೆನೋವು

ತೀರಾ ಹಣ್ಣಾಗಿ ಸಿಪ್ಪೆ ಕಪ್ಪಗಾದ ಬಾಳೆಹಣ್ಣನ್ನು ಯಾರಾದರೂ ಪಕ್ಕದಲ್ಲಿ ಸುಲಿದರೆ ನನಗೆ ಇವತ್ತಿಗೂ ನೆನಪಾಗುವುದು ಜಿಲೆಟಿನ್ ಕಡ್ಡಿ. ಅದಕ್ಕೂ ಅಂಥದೇ ಮುಗ್ಗಲು ಸಿಹಿಯ ವಾಸನೆ. ಅಪ್ಪನ ಅಂಗಿ, ತಲೆಗೆ ಸುತ್ತುತ್ತಿದ್ದ ಟವೆಲು, ಅವನು ಮಲಗುತ್ತಿದ್ದ ಚಾಪೆ, ಎಲ್ಲಕ್ಕೂ ಆ ವಾಸನೆ ಹತ್ತಿಕೊಂಡಿತ್ತು. ಉಯ್ಯಂಬಳ್ಳಿ ಕಡೆಯ ನಮ್ಮೂರಿನ ಬೆನ್ನಿಗೇ ಒಂದು ಬಂಡೆಗುಡ್ಡವಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಎಷ್ಟು ಜಲ್ಲಿ ಕೊಟ್ಟರೂ ಸಾಲದಾಯಿತು. ಗುಡ್ಡವನ್ನು ಒಡೆದೊಡೆದು ಲಾರಿಗೆ ತುಂಬಿದರು. ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಮದ್ದು ತುಂಬುವ ಕೆಲಸ ನನ್ನ ಅಪ್ಪನದು.

ನಮ್ಮಲ್ಲಿ ಬಂಡೆ ಒಡೆಯುವುದೂ ಮದ್ದೇ, ಕಾಯಿಲೆ ವಾಸಿ ಮಾಡುವುದೂ ಮದ್ದೇ. ಊರವರು ಅಪ್ಪನನ್ನು ಮದ್ದಿನ ಸಿದ್ದಪ್ಪ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿಕೊಂಡು ಒಮ್ಮೆ ಮಾಗಡಿ ಕಡೆಯ ಹೆಂಗಸೊಬ್ಬಳು ಕಾಮಾಲೆಯಾದ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಅಪ್ಪ ನಕ್ಕು, "ನನ್ ಮದ್ದು ಕೊಟ್ರೆ ಕಾಮಾಲೆ ಜೊತ್ಗೆ ಮನೇನೂ ಹಾರೋಯ್ತದೆ ತಾಯಿ, ಕನಕಪುರದ ಆಸ್ಪತ್ರೆಗೋಗು" ಎಂದ. ಅವ್ವ ಅವಳಿಗೆ ಮಜ್ಜಿಗೆ ಕೊಟ್ಟು ಬಸ್ಸು ಹತ್ತಿಸಿ ಬಂದಳು. ಅವ್ವ ಮಾತ್ರ ನಗಲಿಲ್ಲ.

ತಾತನ ಕಾಲದಲ್ಲಿ ಬಾವಿ ತೋಡುವವರು ಕರಿಮದ್ದು ಹಾಕುತ್ತಿದ್ದರಂತೆ. ಅದು ಹೊಗೆ ಕಾರಿ, ಬಂಡೆಯನ್ನು ಸೀಳಿ ಸುಮ್ಮನಾಗುತ್ತಿತ್ತು. ಜಿಲೆಟಿನ್ ಹಾಗಲ್ಲ, ಬಂಡೆಯನ್ನು ಚೂರುಚೂರು ಮಾಡಿ ಎಸೆಯುತ್ತಿತ್ತು. ಸಂಜೆ ಮದ್ದು ಸಿಡಿಸುವ ಮುಂಚೆ ಅಪ್ಪ ಊದುವ ಸೀಟಿ ಕೇಳಿದರೆ ಅವ್ವ ಅಟ್ಟದ ಮೇಲಿನ ಮಡಕೆಗಳನ್ನು ನೆಲಕ್ಕಿಳಿಸುತ್ತಿದ್ದಳು. ಆಮೇಲೆ ನೆಲ ಒದೆಯುತ್ತಿತ್ತು, ಹೆಂಚಿನಿಂದ ಮಣ್ಣು ಉದುರುತ್ತಿತ್ತು, ಗೋಡೆಯ ಬಿರುಕು ಇನ್ನೊಂದಿಷ್ಟು ಬಾಯಿ ಬಿಡುತ್ತಿತ್ತು. ಒಂದು ಸಲ ತೆಂಗಿನಕಾಯಿ ಗಾತ್ರದ ಕಲ್ಲು ಹೆಂಚು ಒಡೆದುಕೊಂಡು ಬಂದು, ಕಟ್ಟಿಹಾಕಿದ್ದ ನಮ್ಮ ಕುರಿಮರಿಯ ಬೆನ್ನು ಮುರಿಯಿತು. ಇನ್ನೊಂದು ಸಲ, ಸಿಡಿಯದೆ ಉಳಿದುಹೋಗಿದ್ದ ಹಳೆಯ ಕುಳಿಗೆ ಚಿಕ್ಕಣ್ಣ ಎನ್ನುವ ಆಳಿನ ಡ್ರಿಲ್ಲು ತಗುಲಿತು. ಅಪ್ಪ ಅವನನ್ನು ತೋಳಲ್ಲಿ ಹೊತ್ತು ರಸ್ತೆಯವರೆಗೆ ಓಡಿದ. ಚಿಕ್ಕಣ್ಣ ದಾರಿಯಲ್ಲೇ ಹೋದ. ಆ ದಿನದ ಅಂಗಿಯನ್ನು ಅವ್ವ ಕಲ್ಲಿಗೆ ಬಡಿದು ಬಡಿದು ಒಗೆದಳು. ರಕ್ತ ಬಿಟ್ಟರೂ ಆ ಸಿಹಿ ವಾಸನೆ ಬಿಡಲಿಲ್ಲ. "ಈ ಮದ್ದು ನಿಮ್ಮಪ್ಪನ್ನೂ ತಿಂದೇ ತಿಂತದೆ" ಎಂದಳು. ಅವತ್ತೇ ಮಾರಮ್ಮನಿಗೆ ಹರಕೆ ಹೊತ್ತಳು, ಗಂಡ ಈ ಮದ್ದು ಬಿಟ್ಟರೆ ತಂಬಿಟ್ಟಿನಾರತಿ ಬೆಳಗುತ್ತೇನೆ ಅಂತ.

ಅವಳ ಕೋಪಕ್ಕೆ ಇನ್ನೊಂದು ಕಾರಣ ಅಪ್ಪನ ಸೋಮವಾರ. ಭಾನುವಾರ ರಜೆ ಮುಗಿಸಿ ಮತ್ತೆ ಮದ್ದು ಮುಟ್ಟಿದ ದಿನ ಅವನಿಗೆ ಭಯಂಕರ ತಲೆನೋವು. ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ, ಮುದ್ದೆಯ ತಟ್ಟೆಯನ್ನು ಅಂಗಳಕ್ಕೆ ಬೀಸಿ ಎಸೆಯುತ್ತಿದ್ದ, ಅಡ್ಡ ಬಂದ ಅವ್ವನ ಮೇಲೆ ಕೈ ಎತ್ತುತ್ತಿದ್ದ. ಸೋಮವಾರದ ಅಪ್ಪನನ್ನು ಕಂಡರೆ ನನಗೆ ದ್ವೇಷವಿತ್ತು, ಅದನ್ನು ಮುಚ್ಚಿಡುವುದೇಕೆ. ಮಂಗಳವಾರಕ್ಕೆ ಎಲ್ಲ ಇಳಿದು, ನನ್ನ ಜಡೆ ಎಳೆದು ರೇಗಿಸುವ ಅಪ್ಪ ವಾಪಸು ಬರುತ್ತಿದ್ದ. ಹಳೆಯ ಕೆಲಸಗಾರರಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಕಡ್ಡಿ ಸುತ್ತಿ ಬರುವ ಮೇಣದ ಕಾಗದವನ್ನು ರಜೆಯ ದಿನ ಟವೆಲಿನ ಮಡಿಕೆಯಲ್ಲಿಟ್ಟು ತಲೆಗೆ ಸುತ್ತಿಕೊಂಡರೆ ಸೋಮವಾರದ ನೋವು ಅಷ್ಟಾಗಿ ಕಾಡದು. ಅಪ್ಪನೂ ಹಾಗೆ ಮಾಡುತ್ತಿದ್ದ. ಅವ್ವ ಕಾಗದ ಕಿತ್ತು ಒಲೆಗೆ ಹಾಕಿದ ಭಾನುವಾರಗಳಲ್ಲಿ ಮಾತ್ರ ಅವನು ಎದೆ ಒತ್ತಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದ. "ಎದೆ ಹಿಂಡ್ತಾ ಐತೆ ಕಣಮ್ಮಿ, ಒಸಿ ನೀರ್ ಕೊಡು" ಎನ್ನುತ್ತಿದ್ದ. ಕೂತು ತಿಂದದ್ದಕ್ಕೆ ಗ್ಯಾಸು ಎಂದು ಅವ್ವ ಶುಂಠಿ ಕಷಾಯ ಕುಡಿಸುತ್ತಿದ್ದಳು.

ಆಮೇಲೆ ಹೊಸ ಮದ್ದು ಬಂತು. ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ತುಂಬಿದ, ಗಟ್ಟಿ ಗಂಜಿಯಂಥ ಮದ್ದು. ಹಳೆಯ ಜಿಲೆಟಿನ್ ಇನ್ನು ಮೇಲೆ ತಯಾರಾಗುವುದಿಲ್ಲ, ಸರ್ಕಾರವೇ ನಿಲ್ಲಿಸಿದೆ ಎಂದರು. ಹೊಸದಕ್ಕೆ ಆ ವಾಸನೆಯಿಲ್ಲ, ತಲೆನೋವೂ ಇಲ್ಲ. ಮೊದಲ ಸೋಮವಾರ ಅಪ್ಪ ನಗುತ್ತಾ ಬಂದು ಉಣ್ಣಲು ಕೂತಾಗ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಳೆಯ ಟವೆಲನ್ನು ತಾನೇ ಸುಟ್ಟಳು. ತಂಬಿಟ್ಟು ಮಾಡಿ ಮಾರಮ್ಮನಿಗೆ ಆರತಿ ಬೆಳಗಿದಳು. ನಮ್ಮ ಮನೆಯಲ್ಲಿ ಅಷ್ಟು ನೆಮ್ಮದಿಯ ದಿನಗಳನ್ನು ನಾನು ಕಂಡಿರಲಿಲ್ಲ.

ಎದೆ ಹಿಂಡುವುದು ಮಾತ್ರ ಈಗ ದಿನವೂ ಬರತೊಡಗಿತು. ಅವ್ವನ ಕಷಾಯವೂ ದಿನವೂ ಕುದಿಯಿತು. ಒಂದು ಸಂಜೆ ಅಪ್ಪ ಕುಳಿಗಳನ್ನೆಲ್ಲ ತುಂಬಿ, ಸೀಟಿ ಊದಿ, ಎಲ್ಲರನ್ನೂ ದೂರ ಕಳಿಸಿ ಬಂಡೆಯ ಮರೆಗೆ ಹೋಗಿ ಕೂತ. ಸಿಡಿತ ಮುಗಿಯಿತು, ದೂಳು ಇಳಿಯಿತು, ಎಲ್ಲ ಸುರಕ್ಷಿತ ಎಂದು ಹೇಳುವ ಎರಡನೇ ಸೀಟಿ ಮಾತ್ರ ಕೇಳಲಿಲ್ಲ. ಹೋಗಿ ನೋಡಿದರೆ ತಲೆಯಿಂದ ಕಾಲಿನವರೆಗೆ ಬಿಳಿ ದೂಳು ಮೆತ್ತಿಕೊಂಡು ಹಾಗೇ ಒರಗಿದ್ದನಂತೆ. ಮೈಮೇಲೆ ಒಂದು ಗೀರೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ರಾಮನಗರದ ಮೆಡಿಕಲ್ ಶಾಪೊಂದರಲ್ಲಿ ನನ್ನ ಅತ್ತೆಗೆ ಎದೆನೋವಿನ ಮಾತ್ರೆ ತರಲು ನಿಂತಿದ್ದೆ. ನಾಲಿಗೆ ಕೆಳಗಿಡುವ ಚಿಕ್ಕ ಮಾತ್ರೆ. ಅಂಗಡಿಯ ವಯಸ್ಸಾದ ಸಾಹೇಬರು ಪೊಟ್ಟಣ ಕಟ್ಟುತ್ತಾ, "ಮೊದ್ಲು ಮೊದ್ಲು ತಲೆ ಸಿಡಿತದೆ, ಹೆದರ್ಬೇಡಿ ಅನ್ನಿ ಅವ್ರಿಗೆ. ಹಳೇ ಜಿಲೆಟಿನ್ ಕಡ್ಡೀಲಿದ್ದ ಮದ್ದೇ ಇದು, ಒಂದ್ ಚೂರು ಅಷ್ಟೆ. ಎದೆಯ ರಕ್ತನಾಳ ಸಡಿಲ ಮಾಡ್ತದೆ" ಎಂದರು. ಅಪ್ಪ ಅಷ್ಟು ವರ್ಷ ಅಂಗೈಯಲ್ಲಿ, ಹಣೆಯಲ್ಲಿ ಹೀರಿಕೊಂಡು ಬದುಕಿದ್ದು ಅದನ್ನೇ. ಅದು ತಪ್ಪಿದ ಮೇಲೇ ಅವನ ಎದೆ ದಿನವೂ ಹಿಂಡತೊಡಗಿದ್ದು. ಪೊಟ್ಟಣವನ್ನು ಗಾಜಿನ ಮೇಲೇ ಬಿಟ್ಟು ಹೊರಟವಳನ್ನು ಅವರೇ ಕೂಗಿ ಕರೆದರು.

ಗುಡ್ಡ ಈಗಿಲ್ಲ. ಆ ಜಾಗದಲ್ಲಿ ಹಸಿರು ನೀರು ನಿಂತ ಹಳ್ಳವಿದೆ, ದನವೂ ಅದಕ್ಕೆ ಬಾಯಿ ಹಾಕುವುದಿಲ್ಲ. ಅವ್ವ ನನ್ನ ಜೊತೆಗೇ ಇದ್ದಾಳೆ. ಹೋದ ಸಲ ಅಪ್ಪನಿಗೆ ಎಡೆ ಇಡುವಾಗ ಎಲೆಯ ಮುಂದೆ ಕೂತು, "ಆ ಪುಣ್ಯಾತ್ಮ ಸೋಮ್ವಾರ ಬಂದ್ರೆ ಎಂಗ್ ತಲೆ ಚಚ್ಕತಿದ್ದ. ಕೊನೆಗಾಲ್ದಲ್ಲಾದ್ರೂ ಆ ಹಾಳ್ ಮದ್ದು ಬುಡುಸ್ದೆನಲ್ಲ, ಆ ತಾಯಿ ನನ್ ಮಾತ್ ನಡುಸ್ಕೊಟ್ಲು. ಅಷ್ಟು ಸಾಕು ಕಣವ್ವ ನಂಗೆ" ಎಂದಳು.

"ಹೂಂ ಕಣವ್ವ, ನೀನೇ ಬುಡುಸ್ದೆ" ಎಂದೆ.