ಗ್ಲಿಬ್ಬು ಸ್ಟಾಕಿಲ್ಲ

ಗಾಡಿಗಳ ಬಿಡಿಭಾಗ ಮಾರುವ ಆ ಅಂಗಡಿಯ ಕೌಂಟರಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ನಿಂತಿದ್ದಳು. ಬೆನ್ನ ಹಿಂದೆ ಸೂರಿನವರೆಗೂ ತಗಡಿನ ಡ್ರಾಯರುಗಳು. ಯಾವುದರಲ್ಲಿ ಏನಿದೆ ಎಂಬುದು ಅವಳ ಬೆರಳಿಗೇ ಗೊತ್ತು. ಮೆಕ್ಯಾನಿಕ್‌ಗಳು ಬಾಗಿಲಲ್ಲೇ ನಿಂತು "ಅಕ್ಕಾ, ಎರಡು ಪ್ಲಗ್ಗು, ಒಂದು ಬೆಲ್ಟು" ಎಂದು ಕೂಗುವಷ್ಟರಲ್ಲಿ ಸಾಮಾನು ಮೇಜಿನ ಮೇಲಿರುತ್ತಿತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಈ ಇಂಗ್ಲಿಷ್ ಹೆಸರುಗಳೆಲ್ಲ ಕಿವಿಯಿಂದ ಬಂದದ್ದು.

ಹೊಸ ಮ್ಯಾನೇಜರ್ ಬಂದವನು ಮೂರನೇ ದಿನವೇ ಗಿರಾಕಿಗಳ ಎದುರು ಅವಳನ್ನು ತಿದ್ದಿದ.

"ಕ್ಲಚ್ಚು ಅಲ್ಲ ರೀ, ಕ್ಲಚ್. ಎಲ್ಲದಕ್ಕೂ ಬಾಲ ಹಚ್ಚಬೇಡಿ. ಕಂಪನಿಯವರು ಕೇಳಿಸ್ಕೊಂಡ್ರೆ ಮರ್ಯಾದೆ ಹೋಗುತ್ತೆ."

"ಸರಿ ಸಾರ್" ಎಂದಳು. ಮುಖ ಸಪ್ಪಗಾಯಿತು. ಇಡೀ ಮಧ್ಯಾಹ್ನ ನಾಲಿಗೆಗೆ ಕಡಿವಾಣ ಹಾಕಿಕೊಂಡೇ ಮಾತಾಡಿದಳು. 'ನಟ್' ಎಂದು ಅಲ್ಲಿಗೇ ನಿಲ್ಲಿಸಿದರೆ, ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು ಮುಗ್ಗರಿಸಿದ ಹಾಗಾಗುತ್ತಿತ್ತು.

ಸಂಜೆ ನಾದಿನಿಯ ಹತ್ತಿರ ಹೇಳಿಕೊಂಡಳು. ಗಂಡನ ಈ ತಂಗಿ ಅವರ ಮನೆಯಲ್ಲೇ ಇದ್ದುಕೊಂಡು ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿಸುತ್ತಿದ್ದಳು. ಅಯ್ಯೋ ಪಾಪ ಅಂದಾಳು ಎಂದುಕೊಂಡರೆ, ಅವಳ ಕಣ್ಣು ಅರಳಿತು.

"ಅತ್ತಿಗೆ, ಪ್ಲಗ್ಗು ಅಂತೀರಲ್ಲ, ಹಾಗೇ ಬ್ರೇಕ್ಕು ಅಂತೀರಾ?"

"ನಗಿಸ್ಬೇಡ. ಯಾರಾದ್ರೂ ಬ್ರೇಕ್ಕು ಅಂತಾರಾ? ಬ್ರೇಕು."

"ಯಾಕೆ? ಅಲ್ಲಿ ಒತ್ತಕ್ಷರ, ಇಲ್ಲಿ ಇಲ್ಲ. ಯಾರು ಹೇಳಿಕೊಟ್ರು?"

ಅವಳು ಪಾತ್ರೆ ತೊಳೆಯುತ್ತ ಮನಸ್ಸಿನಲ್ಲೇ ಡ್ರಾಯರುಗಳನ್ನು ಒಂದೊಂದಾಗಿ ಎಳೆದಳು. ನಟ್ಟು, ಪಿನ್ನು, ಕ್ಲಚ್ಚು. ಗೇರು, ಟ್ಯೂಬು, ವೈರು. ಬಾಯಲ್ಲಿ ಉರುಳಿಸಿ ಉರುಳಿಸಿ ನೋಡಿದಳು. ಕೊನೆಯ ತಟ್ಟೆ ಕೈಯಲ್ಲಿದ್ದಾಗ ಕೂಗಿದಳು.

"ಏ, ಬಾ ಇಲ್ಲಿ! ಶಾಲೇಲಿ ಹ್ರಸ್ವ, ದೀರ್ಘ ಅಂತ ಹೇಳ್ಕೊಟ್ಟಿದ್ರಲ್ಲ, ಅದೇ ಇದು. ನಟ್, ಪಿನ್ ಹ್ರಸ್ವ, ಅದಕ್ಕೇ ಒತ್ತು ಬೀಳುತ್ತೆ. ಟ್ಯೂಬು, ಗೇರು ಮೊದಲೇ ಎಳೆದಾಯ್ತು. ಮತ್ತೆ ಒತ್ತು ಯಾಕೆ?"

"ಬೆಲ್ಟು?"

"ಅಲ್ಲಿ ಆಗಲೇ ಎರಡು ಅಂಟ್ಕೊಂಡಿವೆ. ಇನ್ನೊಂದಕ್ಕೆ ಜಾಗ ಎಲ್ಲಿ?"

ನಾದಿನಿ ಅವಳ ಒದ್ದೆ ಕೈಯನ್ನೇ ಹಿಡಿದುಕೊಂಡಳು. "ಇದಿಷ್ಟು ಹೇಳೋಕೆ ನನಗೆ ಎರಡು ಕ್ಲಾಸು ಬೇಕು. ತಪ್ಪಲ್ಲ ಅತ್ತಿಗೆ ಇದು, ನಿಯಮ. ಮಾತು ಸ್ವರದಲ್ಲಿ ಮುಗಿದ್ರೇ ನಮ್ಮ ಬಾಯಿಗೆ ಸಮಾಧಾನ."

ಅವಳು ಅಷ್ಟಕ್ಕೆಲ್ಲ ಉಬ್ಬುವವಳಲ್ಲ. "ಒಬ್ಬರದು ಕೇಳಿ ಇನ್ನೊಬ್ಬರು ಕಲಿತಿರಬಹುದಲ್ಲ?"

"ಹಾಗಾದ್ರೆ ಯಾರೂ ಕೇಳೇ ಇಲ್ಲದ ಸಾಮಾನು ಮಾರಿ" ಎಂದಳು ನಾದಿನಿ.

ಇಬ್ಬರೂ ಸೇರಿ, ಲೋಕದಲ್ಲೇ ಇಲ್ಲದ ಎರಡು ಬಿಡಿಭಾಗ ಹುಟ್ಟಿಸಿದರು. ಮರುದಿನ ಕೌಂಟರಿನ ಮೇಲೆ ಒಂದು ರಟ್ಟು ನೇತಾಡಿತು: 'ಗ್ಲಿಬ್, ಗ್ಲೀಬ್: ಸದ್ಯದಲ್ಲೇ ಬರಲಿವೆ.'

"ಅಕ್ಕಾ, ಈ ಗ್ಲಿಬ್ಬು ಎಲ್ಲಿಗೆ ಹಾಕೋದು?" ಎಂದು ಒಬ್ಬ ಕೇಳಿದ. "ಗ್ಲೀಬು ನಮ್ಮ ಗಾಡಿಗೆ ಬರುತ್ತಾ?" ಎಂದು ಇನ್ನೊಬ್ಬ. ನಾಲ್ಕು ದಿನದಲ್ಲಿ ಮೂವತ್ತೊಂದು ಜನ ಕೇಳಿದರು. ಒಬ್ಬನ ಬಾಯಲ್ಲೂ 'ಗ್ಲೀಬ್ಬು' ಬರಲಿಲ್ಲ. ವಯಸ್ಸಾದ ಮೆಕ್ಯಾನಿಕ್ ಒಬ್ಬ, "ಗ್ಲಿಬ್ಬು ನಾನು ಹಿಂದೆ ಒಂದು ಸಲ ಹಾಕಿದ್ದೆ, ಬಾಳಿಕೆ ಬರಲಿಲ್ಲ" ಎಂದು ತಲೆಯಾಡಿಸಿ ಹೋದ. ಅವಳು ಡ್ರಾಯರಿನೊಳಗೆ ಮುಖ ಹುದುಗಿಸಿ ನಕ್ಕಳು.

ಐದನೇ ದಿನ ಮ್ಯಾನೇಜರ್ ಒಳಗಿನಿಂದ ಗಡಿಬಿಡಿಯಲ್ಲಿ ಬಂದ. "ಏನ್ರೀ ಇದು? ಬಂದವರೆಲ್ಲ ಕೇಳ್ತಿದ್ದಾರೆ. ಗ್ಲಿಬ್ಬು ಯಾಕೆ ಸ್ಟಾಕಿಲ್ಲ?"

ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟಳು. ಅವನ ಮುಖ ಮೊದಲು ಕೆಂಪಾಯಿತು. ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ, "ಗ್ಲಿಬ್... ಗ್ಲಿಬ್ಬು. ಅಲ್ರೀ, ತಾನಾಗೇ ಬಂತಲ್ಲ!" ಎಂದವನು ಕುರ್ಚಿಯಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಲ್ಲಿಂದಾಚೆ ಅವಳ ಮಾತಿನ ತಂಟೆಗೆ ಬರಲಿಲ್ಲ.

ಮುಂದಿನ ವಾರ ನಾದಿನಿ ಅವಳನ್ನು ತನ್ನ ತರಗತಿಗೆ ಕರೆದೊಯ್ದಳು. ಬುಟ್ಟಿ ತುಂಬ ಬಿಡಿಭಾಗ ತೆಗೆದುಕೊಂಡು ಹೋದ ಅವಳು ಒಂದೊಂದನ್ನೇ ಎತ್ತಿ ತೋರಿಸಿ ಹೆಸರು ಹೇಳಿಸಿದಳು. ಮೊದಲು ನಡುಗುತ್ತಿದ್ದ ಸ್ವರ ಮೂರನೇ ಸಾಮಾನಿನ ಹೊತ್ತಿಗೆ ಕೌಂಟರಿನ ಸ್ವರವಾಯಿತು. ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಮೇಡಂ, ಫಿಲ್ಟರು ಸರಿನಾ, ಫಿಲ್ಟರ್ರು ಸರಿನಾ?"

ತನ್ನನ್ನು ಯಾರಾದರೂ ಮೇಡಂ ಎಂದದ್ದು ಅದೇ ಮೊದಲು. ಅವಳು ಎರಡನ್ನೂ ಬಾಯಲ್ಲಿ ಉರುಳಿಸಿ ನೋಡಿದಳು. "ಎರಡೂ ಕೇಳಿದ್ದೀನಮ್ಮ. ಯಾರು ಯಾವುದು ಅಂತಾರೆ, ಯಾಕೆ ಅಂತಾರೆ, ನೋಡಿ ಹೇಳ್ತೀನಿ."

ಈಗ ಅವಳ ಸೀರೆಯ ಸೊಂಟದಲ್ಲಿ ಅಂಗೈಯಗಲದ ಪುಸ್ತಕವೊಂದಿದೆ. ಅದರಲ್ಲಿ 'ಫಿಲ್ಟರು' ಅಂದವರಿಗೊಂದು, 'ಫಿಲ್ಟರ್ರು' ಅಂದವರಿಗೊಂದು, ಎರಡು ಸಾಲು ಗೀಟುಗಳು, ಸದ್ಯಕ್ಕೆ ಹೆಚ್ಚುಕಡಿಮೆ ಸಮ. ಮನೆಯಲ್ಲಿ ಗಂಡನಂತೂ, ತನ್ನನ್ನೂ ಎಣಿಸಿಬಿಟ್ಟಾಳೆಂದು, ಅವಳೆದುರು ಆ ವಸ್ತುವಿನ ಹೆಸರನ್ನೇ ಎತ್ತದೆ "ಅದು, ನೀರು ಸೋಸೋದು" ಎನ್ನುತ್ತಾನೆ.