ಬಲೂನಿನ ಹಿಂದಿನ ಕಣ್ಣು

ಶಿಕಾರಿಪುರದ ಬಸ್ ನಿಲ್ದಾಣದ ಬಳಿ, ಊರೆಲ್ಲ ಭಾಯ್ ಎಂದು ಕರೆಯುತ್ತಿದ್ದವರೊಬ್ಬರ ಕ್ಯಾಮೆರಾ ಅಂಗಡಿಯಿತ್ತು. ಯಾರು ಫೋಟೊ ತೋರಿಸಿದರೂ ಕನ್ನಡಕವನ್ನು ಹಣೆಗೇರಿಸಿ, "ಕಣ್ಣು ಸಿಕ್ತೇನ್ರೀ?" ಎಂದೇ ಕೇಳುತ್ತಿದ್ದರು.

ನನಗೆ ಸಿಕ್ಕಿರಲಿಲ್ಲ. ಸೊರಬದ ಹೋರಿ ಹಬ್ಬದಲ್ಲಿ ಪತ್ರಿಕೆಗಾಗಿ ನಾನು ತೆಗೆದ ಚಿತ್ರದಲ್ಲಿ ಓಡುವ ಹೋರಿಯ ಮುಖ ಮಸುಕಾಗಿ, ಕೊಂಬಿಗೆ ಕಟ್ಟಿದ ಬಲೂನುಗಳಷ್ಟೇ ಸ್ಪಷ್ಟವಾಗಿ ಬಂದಿದ್ದವು. ಪತ್ರಿಕೆ ಆ ಚಿತ್ರ ಹಾಕಲಿಲ್ಲ. ಮುಂದಿನ ಹಬ್ಬಕ್ಕೂ ಹಾಗಾದರೆ ಬೇರೆಯವರನ್ನು ಕಳಿಸುವುದಾಗಿ ಸಂಪಾದಕರು ಹೇಳಿದ್ದರು. ಹಾಗಾಗಿ ಅಂಗಡಿಗೆ ಹೋಗಿ, ಇದ್ದುದರಲ್ಲಿ ಅತಿ ದುಬಾರಿ ಕ್ಯಾಮೆರಾ ಕೇಳಿದೆ.

ಅವರು ಅದನ್ನು ನನ್ನ ಕೈಗೆ ಕೊಟ್ಟು, ತಮ್ಮ ಸ್ಕೂಟರಿನ ಹ್ಯಾಂಡಲ್‌ಗೆ ನಾಲ್ಕು ಬಲೂನು ಕಟ್ಟಿದರು. "ನಾನೇ ಹೋರಿ. ಹೊಡೀರಿ ಫೋಟೊ" ಎಂದು ನನ್ನತ್ತ ವೇಗವಾಗಿ ಬಂದರು.

ಎದುರಿನ ಚಹಾದಂಗಡಿಯವನು ಕೂಗಿದ: "ಭಾಯ್, ಹೋರಿ ಕೊರಳಿನ ಕೊಬ್ಬರಿ ಹಾರ ಎಲ್ಲಿ?"

ಚಿತ್ರದಲ್ಲಿ ಬಲೂನು ಸ್ಪಷ್ಟವಾಗಿತ್ತು, ಅವರ ಮುಖ ಮಸುಕು.

"ಇದು ನಿಂತಿರೋದಕ್ಕೆ ಒಳ್ಳೇದು ರೀ, ಓಡೋದಕ್ಕಲ್ಲ" ಎಂದು ಅದನ್ನು ಡಬ್ಬಿಗೆ ಹಾಕಿದರು. ಯಾರೋ ಬಳಸಿ ಬಿಟ್ಟಿದ್ದ, ಅಗ್ಗದ ಇನ್ನೊಂದನ್ನು ನನ್ನ ಕೈಗಿತ್ತು ಮತ್ತೆ ಸ್ಕೂಟರ್ ಹತ್ತಿದರು. ಈ ಸಲ ಬಲೂನುಗಳ ನಡುವೆ ಅವರ ಕಣ್ಣುಗಳು ನಿಚ್ಚಳವಾಗಿ ಬಂದವು.

ಆ ಅಗ್ಗದ ಕ್ಯಾಮೆರಾದಲ್ಲಿ ತೆಗೆದ ಮುಂದಿನ ಹಬ್ಬದ ಚಿತ್ರ ಮುಖಪುಟದಲ್ಲಿ ಅಚ್ಚಾಯಿತು. ಪತ್ರಿಕೆ ಒಯ್ದು ಅವರ ಮುಂದಿಟ್ಟೆ. ಕನ್ನಡಕ ಹಣೆಗೇರಿಸಿ ಹೋರಿಯ ಮುಖವನ್ನು ಬಹಳ ಹೊತ್ತು ನೋಡಿದರು. ಅಂದು ಮಾತ್ರ "ಕಣ್ಣು ಸಿಕ್ತೇನ್ರೀ?" ಎಂದು ಕೇಳಲಿಲ್ಲ.